ಅರ್ಥ್ ಕಿತ್ತರೆ ಅನರ್ಥ!



ಯಾವ ನಟಿ ಯಾವ ಚಿತ್ರ ಒಪ್ಪಿಕೊಂಡರು, ಯಾವ ನಿರ್ಮಾಪಕರು ಯಾರಿಗೆ ಮುಂಗಡ ಕೊಟ್ಟರು... ಅಂಥ ಬಿಸಿಬಿಸಿ ಸುದ್ದಿ ಈ ವಾರ ನನ್ನಲ್ಲಿಲ್ಲ. ಕ್ಷಮಿಸಿ! ಅದಕ್ಕೆಲ್ಲ ಬೇರೆ ಪುಟಗಳಿವೆ. ಈ ವಾರದ ಅಂಕಣವನ್ನು ಇಡಿಯಾಗಿ ನುಂಗಿ ಹಾಕಿದ್ದು ಹರಿಹರದಿಂದ ಬಂದ ಒಂದೇ ಒಂದು ಪೋಸ್ಟ್ ಕಾರ್ಡು.

ಬರೆದವನು ಇಪ್ಪತ್ತೆರಡರ ತಮ್ಮ. ಹೆಸರು ಬೇಡ, ಮನೆಯಲ್ಲಿ ಬೈಸಿಕೊಂಡಾನು. ಕಾರ್ಡಿನ ಒಕ್ಕಣೆ ಹೀಗಿದೆ:

"ಅಣ್ಣಾ, ನಿಮ್ಮ ಪುಟ ತಪ್ಪದೆ ಓದ್ತೀನಿ. ನಮ್ಮೂರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತೀನಿ, ನಡುನಡುವೆ ಹಾಡ್ತೀನಿ. ನಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರು, ಮೂರು ಪಿಕಪ್‌ದು. ಒಂದೇ ಕಷ್ಟ, ನುಡಿಸದೆ ಸುಮ್ಮನೆ ನಿಂತರೂ ಗುಂಯ್ ಅಂತ ಕೂಗುತ್ತೆ. ಮೊನ್ನೆ ಸ್ಟೇಜ್ ಮೇಲೆ ಒಬ್ಬರು ಉಪಾಯ ಹೇಳಿಕೊಟ್ರು. ಆಂಪ್ಲಿಫೈಯರ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಕೊಯ್ದು ತೆಗೆದೆ. ಅರ್ಧ ಸದ್ದು ಮಾಯ! ಉಳಿದ ಅರ್ಧಕ್ಕೆ ಏನು ಮಾಡಲಿ? ಮೈಕಿಗೆ ತುಟಿ ತಾಗಿದಾಗ ಸ್ವಲ್ಪ ಚುರುಕ್ ಅನ್ನುತ್ತೆ, ಅದು ದೊಡ್ಡ ವಿಷಯ ಅಲ್ಲ ಬಿಡಿ. ಭಾನುವಾರ ಗಣಪತಿ ಪೆಂಡಾಲಿನಲ್ಲಿ ನಮ್ಮ ಪ್ರೋಗ್ರಾಂ ಐತಿ, ಬರ್ರಿ."

ಆಫೀಸಿನವರು ಕಳಿಸಿದ ಕಾರ್ಡುಗಳ ಕಟ್ಟನ್ನು ನಾನು ಬಿಚ್ಚಿದ್ದು ಭಾನುವಾರ ಬೆಳಿಗ್ಗೆ, ದಾವಣಗೆರೆಯಲ್ಲಿ, ಮಂಡಕ್ಕಿ ಮಿರ್ಚಿಯ ತಟ್ಟೆ ಮುಂದಿಟ್ಟುಕೊಂಡು. "ಮೈಕಿಗೆ ತುಟಿ ತಾಗಿದಾಗ" ಎಂಬ ಸಾಲಿಗೆ ಬಂದಾಗ ಮಿರ್ಚಿ ಗಂಟಲಲ್ಲೇ ನಿಂತಿತು. ಖಾರಕ್ಕಲ್ಲ ಸ್ವಾಮಿ, ಭಯಕ್ಕೆ! ಕಾರ್ಡಿನ ಮೂಲೆಯಲ್ಲಿ ಮೊಬೈಲ್ ನಂಬರ್ ಇತ್ತು. ಹಚ್ಚಿದೆ. ಸ್ವಿಚ್ ಆಫ್! ಪ್ರೋಗ್ರಾಂ ಅವತ್ತೇ ಸಂಜೆ. ತಟ್ಟೆ ಅಲ್ಲೇ ಬಿಟ್ಟು ಓಡಿ ಹೋಗಿ ಹರಿಹರದ ಬಸ್ಸು ಹತ್ತಿದೆ.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್. ಕಿಟಕಿ ಪಕ್ಕ ಕೂತವನ ಕಣ್ಣ ಮುಂದೆ ಇಬ್ಬರು ಬಂದು ನಿಂತರು. ಇಬ್ಬರೂ ನಮ್ಮ ಕಡೆಯವರಲ್ಲ, ನಮ್ಮ ದೇಶದವರೂ ಅಲ್ಲ. ಮೊದಲನೆಯವನು ಲೆಸ್ ಹಾರ್ವೆ. ಸ್ಕಾಟ್ಲೆಂಡಿನವನು, 'ಸ್ಟೋನ್ ದಿ ಕ್ರೋಸ್' ಎಂಬ ತಂಡದ ಗಿಟಾರ್ ವಾದಕ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ಊರಿನಲ್ಲಿ, ವೇದಿಕೆಯ ಮೇಲೆ, ಗಿಟಾರು ಹಿಡಿದುಕೊಂಡೇ ಮೈಕು ಮುಟ್ಟಿದ. ಅರ್ಥಿಂಗ್ ಸರಿ ಇರಲಿಲ್ಲ. ಅಷ್ಟೇ! 27ನೇ ವಯಸ್ಸಿಗೆ ಆಟ ಮುಗಿಯಿತು. ಎರಡನೆಯವನು ಕೀತ್ ರೆಲ್ಫ್. 'ಯಾರ್ಡ್‌ಬರ್ಡ್ಸ್' ತಂಡದ ಗಾಯಕ. ಎರಿಕ್ ಕ್ಲಾಪ್ಟನ್, ಜೆಫ್ ಬೆಕ್, ಜಿಮ್ಮಿ ಪೇಜ್ ಎಂಬ ಮೂವರು ಘಟಾನುಘಟಿಗಳು ಗಿಟಾರ್ ನುಡಿಸಿದ ತಂಡ ಅದು. ಅಂಥ ತಂಡದ ಗಾಯಕ 1976ರ ಮೇ ತಿಂಗಳಲ್ಲಿ ತನ್ನ ಮನೆಯಲ್ಲೇ, ಅರ್ಥಿಂಗ್ ಸರಿ ಇಲ್ಲದ ಎಲೆಕ್ಟ್ರಿಕ್ ಗಿಟಾರಿನಿಂದ ಶಾಕ್ ಹೊಡೆದು ಸತ್ತ. ವಯಸ್ಸು 33.

ಆ ದೇಶಗಳಲ್ಲೇ ಹೀಗಾದರೆ, ಕಂಬದಿಂದ ಎಳೆದ ಕರೆಂಟು, ಬಾಡಿಗೆ ಜನರೇಟರು, ಮಳೆಯಲ್ಲಿ ನೆಂದ ಹಲಗೆಯ ನಮ್ಮ ಪೆಂಡಾಲುಗಳ ಗತಿ ಏನು?

ಹರಿಹರದಲ್ಲಿ ಇಳಿದು ಓಣಿ ಕೇಳುತ್ತಾ ಹೋದೆ. ಮನೆ ಹುಡುಕೋದು ಕಷ್ಟವಾಗಲಿಲ್ಲ. ಗುಂಯ್ ಅನ್ನೋ ಸದ್ದು ತಿರುವಿನಲ್ಲೇ ಕೇಳಿಸಿತು! ಬಾಗಿಲಲ್ಲಿ ಗಿಟಾರು ನೇತುಹಾಕಿಕೊಂಡ ಹುಡುಗ.

"ಯಾರು ಬೇಕಾಗಿತ್ರಿ?"

"ನೀನು ಆಮೇಲೆ ತಮ್ಮಾ, ಮೊದಲು ನಿನ್ನ ಪ್ಲಗ್ಗು ಬೇಕು. ಸ್ವಿಚ್ ಆಫ್ ಮಾಡು!"

ಹುಡುಗ ಗಾಬರಿಯಾಗಿ ಆಫ್ ಮಾಡಿದ. ನಾನು ಯಾರು ಅಂತ ಗೊತ್ತಾದ ಮೇಲೆ ಚಹಾ ಬಂತು, ಅವನ ದೊಡ್ಡಪ್ಪನವರೂ ಬಂದರು. ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಟೆಸ್ಟರ್ ಮಾತ್ರ ಅವರ ಜೇಬು ಬಿಟ್ಟಿಲ್ಲ. ಪ್ಲಗ್ಗು ಕೈಗೆ ತಗೊಂಡರು. ಎರಡೇ ಪಿನ್ನು. ಮೂರನೇದರ ಜಾಗದಲ್ಲಿ ಬ್ಲೇಡಿನಿಂದ ಕೊಯ್ದ ಗುರುತು. ಅವರ ಮುಖ ಕೆಂಪಾಯಿತು.

"ಲೇ, ಈ ಪಿನ್ನು ಯಾಕ ದಪ್ಪ ಮಾಡ್ಯಾರ ಗೊತ್ತೈತೇನು ನಿನಗ?"

"ಇಲ್ಲ ದೊಡ್ಡಪ್ಪ."

"ಉಳಿದ ಎರಡಕ್ಕಿಂತ ಉದ್ದನೂ ಇರತೈತಿ. ಚುಚ್ಚುವಾಗ ಎಲ್ಲಾರಿಗಿಂತ ಮೊದಲು ಇದು ತಾಗಬೇಕು. ಕೀಳುವಾಗ ಎಲ್ಲಾರಿಗಿಂತ ಕೊನೀಗೆ ಇದು ಬಿಡಬೇಕು. ಮದುವಿ ಮನಿ ಹಿರಿಯರಿದ್ದಂಗ, ಮೊದಲು ಬಂದು ಕೊನೀಗೆ ಉಣ್ಣೋರು. ಅವರನ್ನ ಹೊರಗ ಹಾಕಿ ಮದುವಿ ಮಾಡ್ತೀಯೇನು?"

ಮಿತ್ರರೇ, ವಿಷಯ ಇಷ್ಟೇ. ಆಂಪ್ಲಿಫೈಯರಿಗೆ ಬರೋದು 230 ವೋಲ್ಟ್. ಒಳಗೆ ಯಾವುದೋ ಹಳೆ ವೈರಿನ ಹೊದಿಕೆ ಸವೆದು ಕರೆಂಟು ಅದರ ಕಬ್ಬಿಣದ ಮೈಗೆ ತಾಗಿತು ಅನ್ನಿ. ದಪ್ಪ ಪಿನ್ನು ಇದ್ದರೆ ಆ ಕರೆಂಟು ನೆಲಕ್ಕೆ ಹರಿದು ಫ್ಯೂಸು ಹಾರುತ್ತೆ, ಕಥೆ ಮುಗಿಯುತ್ತೆ. ಪಿನ್ನು ಇಲ್ಲದಿದ್ದರೆ ಆ ಮೈಯಲ್ಲೇ ಹೊಂಚು ಹಾಕಿ ಕೂತಿರುತ್ತೆ. ಗಿಟಾರಿನ ಉಕ್ಕಿನ ತಂತಿಗಳು ಬ್ರಿಜ್ಜಿನ ಕೆಳಗಿನ ಒಂದು ಸಣ್ಣ ವೈರಿನಿಂದ, ಆಮೇಲೆ ಕೇಬಲ್ಲಿನ ಹೆಣೆದ ಹೊದಿಕೆಯಿಂದ, ಇದೇ ಕಬ್ಬಿಣದ ಮೈಗೆ ಸೇರಿರುತ್ತವೆ. ಅಂದರೆ ಮೈಯಲ್ಲಿ ಇದ್ದದ್ದು ತಂತಿಯಲ್ಲೂ ಇರುತ್ತೆ. ಅತ್ತ ಮೈಕು ಮಿಕ್ಸರಿನ ಮೂಲಕ ನೆಲಕ್ಕೆ ಸೇರಿರುತ್ತೆ. ಎಡಗೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ನಡುವೆ ಇರೋ ವೈರು ಯಾರು? ಹಾಡುಗಾರ!

"ಚುರುಕ್ ಅನ್ನೋದು ಟ್ರೇಲರ್ ಕಣೋ," ಎಂದೆ. "ಪೂರ್ತಿ ಪಿಕ್ಚರ್ ಬಿಡುಗಡೆ ಆದ ದಿನ ನೋಡೋಕೆ ನೀನೇ ಇರಲ್ಲ!"

ಮೂವತ್ತು ಮಿಲಿ ಆಂಪಿಯರ್ ದಾಟಿದ ಕರೆಂಟು ಎದೆಯ ಮೂಲಕ ಹಾದರೆ ಜೀವಕ್ಕೆ ಅಪಾಯ. ಏಳು ವ್ಯಾಟಿನ ಒಂದು ಸಣ್ಣ ಎಲ್‌ಇಡಿ ಬಲ್ಬು ಎಳೆಯೋದೂ ಹತ್ತಿರ ಹತ್ತಿರ ಅಷ್ಟೇ. ಅಷ್ಟು ಸಾಕು!

ಹಾಗಾದರೆ ಪಿನ್ನು ಕೊಯ್ದಾಗ ಅರ್ಧ ಸದ್ದು ಹೋಗಿದ್ದು ಸುಳ್ಳೇ? ನಿಜವೇ. ಅದೇ ಈ ಉಪಾಯದ ಮೋಸ! ಸ್ಟೇಜಿನಲ್ಲಿ ಅವನ ಆಂಪ್ಲಿಫೈಯರು ಒಂದು ಬೋರ್ಡಿನಲ್ಲಿ, ಮಿಕ್ಸರು ಇನ್ನೊಂದು ಬೋರ್ಡಿನಲ್ಲಿ. ಎರಡರ ನಡುವೆ ಒಂದು ಲೈನ್ ಕೇಬಲ್. ನೆಲಕ್ಕೆ ಹೋಗಲು ಎರಡು ದಾರಿ ಆಯಿತು, ಎರಡೂ ಸೇರಿ ಒಂದು ಬಳೆ ಆಯಿತು. ಆ ಬಳೆಯಲ್ಲಿ ಬೇಡದ ಕರೆಂಟು ಸುತ್ತುತ್ತಾ ಕೇಬಲ್ಲಿನಲ್ಲಿ ಗುಂಯ್ ಸೇರಿಸುತ್ತೆ. ಪಿನ್ನು ಕೊಯ್ದರೆ ಬಳೆ ಒಡೆಯುತ್ತೆ, ಸದ್ದು ಹೋಗುತ್ತೆ. ಆದರೆ ಆಮೇಲೆ ಆಂಪ್ಲಿಫೈಯರಿಗೆ ನೆಲ ಅಂತ ಇರೋದು ಆ ಕೇಬಲ್ಲಿನ ತೆಳ್ಳನೆ ಹೊದಿಕೆ ಮಾತ್ರ. ದೊಡ್ಡಪ್ಪ ಆ ಕೇಬಲ್ ತರಿಸಿ ಜ್ಯಾಕು ಬಿಚ್ಚಿ ನೋಡಿದರು. ಒಳಗಿನ ಹೊದಿಕೆ ಹರಿದು ಒಂದೇ ಎಳೆ ಉಳಿದಿತ್ತು. ಕೇಬಲ್ ಅಲುಗಿದರೆ ಹಿಡಿಯೋದು, ಇನ್ನೊಮ್ಮೆ ಅಲುಗಿದರೆ ಬಿಡೋದು. ಬಿಟ್ಟಾಗಲೆಲ್ಲ ಚುರುಕ್! ಹುಡುಗನ ಜೀವ ಇಷ್ಟು ದಿನ ಆ ಒಂದು ಎಳೆಯ ಮೇಲೆ ತೂಗುತ್ತಿತ್ತು.

ಮೂಲೆ ಅಂಗಡಿಯಿಂದ ಹೊಸ ತ್ರೀ ಪಿನ್ ಪ್ಲಗ್ಗು ಬಂತು. ದೊಡ್ಡಪ್ಪ ಅದನ್ನು ಹಾಕಿ, ಗೋಡೆಯ ಪಾಯಿಂಟಿನಲ್ಲಿ ಅರ್ಥ್ ನಿಜಕ್ಕೂ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿದರು. ಎಷ್ಟೋ ಮನೆಗಳಲ್ಲಿ ಮೂರು ತೂತು ಇರುತ್ತೆ, ಮೂರನೇ ತೂತಿನ ಹಿಂದೆ ವೈರೇ ಇರಲ್ಲ! ಹಿತ್ತಲಲ್ಲಿ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹುಯ್ಯಿಸಿದರು. ಒಣ ನೆಲ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳಲ್ಲ. ಈ ಪರೀಕ್ಷೆಯನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ, ನೀವು ಕೈ ಹಾಕಬೇಡಿ. ಹಾಗೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚು ಹಾಕಿಸಿ. ಕರೆಂಟು ದಾರಿ ತಪ್ಪಿ ಸೋರಿದ ಕ್ಷಣ ಅದು ಲೈನನ್ನೇ ಕಡಿದು ಹಾಕುತ್ತೆ.

ಜೀವದ ಪ್ರಶ್ನೆ ಮುಗಿಯಿತು. ಗಿಟಾರು ಮತ್ತೆ ಹಚ್ಚಿದೆವು. ಹುಡುಗ ನನ್ನ ಮುಖ ನೋಡಿದ.

"ಅಣ್ಣಾ, ಗುಂಯ್ ಇನ್ನೂ ಐತಲ್ರಿ?"

ಐತಿ! ಈಗ ಅದರ ಜಾತಕ ನೋಡೋಣ.

ಪಿಕಪ್ ಅಂದರೆ ಏನು? ಅಯಸ್ಕಾಂತದ ಸಣ್ಣ ಕಂಬಗಳು, ಅವುಗಳ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯ ಸುರುಳಿ. ಒಂದೊಂದರಲ್ಲಿ ಸುಮಾರು ಎಂಟು ಸಾವಿರ ಸುತ್ತು! ಮೇಲಿನ ಉಕ್ಕಿನ ತಂತಿ ಮೀಟಿದರೆ ಅಯಸ್ಕಾಂತದ ಬಲ ಅಲುಗುತ್ತೆ, ಸುರುಳಿಯಲ್ಲಿ ಚಿಟಿಕೆಯಷ್ಟು ಕರೆಂಟು ಹುಟ್ಟುತ್ತೆ. ಅದನ್ನು ಆಂಪ್ಲಿಫೈಯರು ಬೆಳೆಸಿ ಸ್ಪೀಕರಿಗೆ ಕೊಡುತ್ತೆ. ಒಂದೇ ಸುರುಳಿ ಇದ್ದರೆ ಸಿಂಗಲ್ ಕಾಯಿಲ್. ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ಸ್ಟ್ರ್ಯಾಟೋಕಾಸ್ಟರ್ ಗಿಟಾರನ್ನು ಇಂಥ ಮೂರು ಪಿಕಪ್ ಇಟ್ಟು ಬಿಡುಗಡೆ ಮಾಡಿತು. ನಮ್ಮ ಹುಡುಗನ ಗಿಟಾರು ಅದೇ ಅಚ್ಚಿನದು. ದನಿ ಕಂಚಿನ ಗಂಟೆಯ ಹಾಗೆ ಕಣಕಣ! ಆದರೆ ಈ ಸುರುಳಿಗೆ ಬೇಕಾದ್ದು ಯಾವುದು, ಬೇಡದ್ದು ಯಾವುದು ಗೊತ್ತಿಲ್ಲ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗೆಳೆಯನ ಮಾತು ಕೇಳಿದ ಹಾಗೆ. ಗೆಳೆಯನ ಮಾತೂ ಕೇಳುತ್ತೆ, "ಹರಿಹರ ಹರಿಹರ ಹರಿಹರ" ಅಂತ ಕೂಗೋ ಕಂಡಕ್ಟರೂ ಕೇಳ್ತಾನೆ.

ಆ ಕೂಗು ಯಾವುದು? ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತೆ. ಗುಂಯ್ ಅನ್ನೋದು ಅದೇ 50, ಅದರ ಜೊತೆಗೆ 100, 150... ಬೇಕಾದರೆ ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ ನೋಡಿ. ಅದು ಜಿ ಸ್ವರ, ಸೆಕೆಂಡಿಗೆ 98 ಕಂಪನ. ಗುಂಯ್‌ನ 100ಕ್ಕೂ ಅದಕ್ಕೂ ಎಷ್ಟು ಹತ್ತಿರ! ಅಮೆರಿಕದ ಕರೆಂಟು 60 ಸಲದ್ದು. ಅಲ್ಲಿಯ ಗುಂಯ್‌ನ ಶ್ರುತಿಯೇ ಬೇರೆ.

ಈಗ ಮೂರು ಪರೀಕ್ಷೆ. ಕತ್ತರಿಸಿ ಇಟ್ಟುಕೊಳ್ಳಿ.

ಮೊದಲನೆಯದು, ಗಿಟಾರಿನ ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ತನ್ನಿ. ಆಗಲೂ ಸದ್ದು ಇದ್ದರೆ ತಪ್ಪು ಗಿಟಾರಿನದಲ್ಲ. ಕೇಬಲ್, ಆಂಪ್ಲಿಫೈಯರ್ ಅಥವಾ ಆ ಬಳೆಯನ್ನು ಅನುಮಾನಿಸಿ.

ಎರಡನೆಯದು, ಅರ್ಥಿಂಗ್ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಮಾತ್ರ, ತಂತಿಗಳ ಮೇಲೆ ಕೈ ಇಡಿ. ಜರ್ ಅನ್ನೋ ಒರಟು ಸದ್ದು ಕಡಿಮೆ ಆಯಿತೇ? ಅದು ಸಹಜ. ನಿಮ್ಮ ಮೈಯೇ ಒಂದು ಏರಿಯಲ್, ತಂತಿ ಮುಟ್ಟಿದಾಗ ಅದು ಶಾಂತ. ಈ ಜರ್ ಅನ್ನು ಲೋಹದ ಹಾಳೆ ತಡೆಯುತ್ತೆ. ಕೈ ಇಟ್ಟಾಗ ಸದ್ದು ಜಾಸ್ತಿ ಆದರೆ ಜ್ಯಾಕಿನ ಎರಡು ವೈರು ಅದಲು ಬದಲಾಗಿದೆಯೇ ನೋಡಿಸಿ.

ಮೂರನೆಯದು, ನಿಂತಲ್ಲೇ ನಿಧಾನ ಸುತ್ತಿ. ಒಂದು ದಿಕ್ಕಿಗೆ ಗುಂಯ್ ಜೋರು, ಇನ್ನೊಂದು ದಿಕ್ಕಿಗೆ ಮೆಲ್ಲಗೆ ಆದರೆ, ಅದು ಗಾಳಿಯಲ್ಲಿ ಬರುವ ಅಯಸ್ಕಾಂತದ ಬಲ. ಟ್ರಾನ್ಸ್‌ಫಾರ್ಮರು, ಮೋಟರು, ಟ್ಯೂಬ್‌ಲೈಟಿನ ಚೋಕು ಇವುಗಳ ಕಾಣಿಕೆ!

ಹುಡುಗನ ಗಿಟಾರಿಗೆ ವಾಲ್ಯೂಮ್ ಸೊನ್ನೆ ಮಾಡಿದರೆ ನಿಶ್ಶಬ್ದ. ತಂತಿ ಮುಟ್ಟಿದರೆ ಜರ್ ಮಾಯ. ತಿರುಗಿದರೆ ಗುಂಯ್ ಏರುಪೇರು. ಅಂದರೆ ಎರಡು ರೋಗ, ಎರಡು ಮದ್ದು.

ಜರ್‌ಗೆ ಮದ್ದು ಅಡುಗೆಮನೆಯಲ್ಲೇ ಸಿಕ್ಕಿತು. ಚಪಾತಿ ಸುತ್ತೋ ಅಲ್ಯುಮಿನಿಯಂ ಹಾಳೆ! ತಾಮ್ರದ ಟೇಪು ಇನ್ನೂ ಒಳ್ಳೆಯದು, ಭಾನುವಾರ ಎಲ್ಲಿ ತರೋದು? ಕೇಬಲ್ ಕಿತ್ತಿಟ್ಟು, ಗಿಟಾರಿನ ಮುಂದಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಒಳಗಿನ ಗುಣಿಗೆಲ್ಲ ಹಾಳೆ ಅಂಟಿಸಿದೆವು. ತಟ್ಟೆಯ ಬೆನ್ನಿಗೂ ಅಂಟಿಸಿದೆವು. ಇಲ್ಲಿ ಮೂರು ಎಚ್ಚರಿಕೆ. ತುಂಡು ತುಂಡು ಹಾಕಿದರೆ ನಡುವೆ ಗೋಂದು ಕೂತು ಸಂಪರ್ಕ ತಪ್ಪುತ್ತೆ, ಆದ್ದರಿಂದ ಅಂಚು ಮಡಿಚಿ ಲೋಹಕ್ಕೆ ಲೋಹ ತಾಗಿಸಿ. ಹಾಳೆಯನ್ನು ಅರ್ಥ್ ವೈರಿಗೆ ಸೇರಿಸಲೇಬೇಕು, ಇಲ್ಲದಿದ್ದರೆ ಅದು ಬರೀ ಶೃಂಗಾರ. ಅಲ್ಯುಮಿನಿಯಮ್ಮಿಗೆ ಸಾಧಾರಣ ಬೆಸುಗೆ ಹಿಡಿಯಲ್ಲ, ವೈರಿನ ತುದಿಯನ್ನು ಒಂದು ಸ್ಕ್ರೂ ಕೆಳಗೆ ಒತ್ತಿ ಬಿಗಿ ಮಾಡಿ. ಕೊನೆಯದು, ಸಿಗ್ನಲ್ ಒಯ್ಯುವ ವೈರು ಎಲ್ಲೂ ಹಾಳೆಗೆ ತಾಗಬಾರದು. ತಾಗಿದರೆ ಗಿಟಾರು ಮೂಕಿ ಚಿತ್ರ!

ತಟ್ಟೆ ಮುಚ್ಚಿ ಹಚ್ಚಿದೆವು. ಜರ್ ನಿಂತಿತು. ಗುಂಯ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಾರಣ, ಅಯಸ್ಕಾಂತದ 50ರ ಬಲ ಇಂಥ ತೆಳ್ಳನೆ ಹಾಳೆಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಹಾಳೆ ಹೊಡೆಸಿದರೆ ಎಲ್ಲಾ ಸದ್ದೂ ಹೋಗುತ್ತೆ ಅಂತ ಯಾರಾದರೂ ಹೇಳಿ ದುಡ್ಡು ಕೇಳಿದರೆ ಈ ಪುಟ ತೋರಿಸಿ.

ದೊಡ್ಡಪ್ಪ ಮೇಲೆ ನೋಡಿದರು. ತಲೆಯ ಮೇಲೆ ಹಳೇ ಟ್ಯೂಬ್‌ಲೈಟು, ತಾಮ್ರದ ಚೋಕಿನದು. ಆರಿಸಿದರು. ಗುಂಯ್ ಅರ್ಧ ಇಳಿಯಿತು! ಆಂಪ್ಲಿಫೈಯರಿನಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿಸಿದರು, ಇನ್ನಷ್ಟು ಇಳಿಯಿತು. ಅದರೊಳಗೂ ಒಂದು ಟ್ರಾನ್ಸ್‌ಫಾರ್ಮರು ಇದೆಯಲ್ಲ! ಆಮೇಲೆ ನಾನು ಗಿಟಾರಿನ ಐದು ಹಂತದ ಸ್ವಿಚ್ಚನ್ನು ತೋರಿಸಿದೆ.

"ಎರಡನೇದಕ್ಕೆ ಹಾಕು."

ಹಾಕಿದ. ಮನೆ ನಿಶ್ಶಬ್ದ! ಹುಡುಗ ಕೇಬಲ್ ಕಳಚಿತು ಅಂದುಕೊಂಡು ತಂತಿ ಮೀಟಿದ. ಕಣಕಣ ಅಂತ ನುಡಿಯಿತು. ಅವನ ಕಣ್ಣು ನೋಡಬೇಕಿತ್ತು ನೀವು!

ಇದು ಮಾಯ ಅಲ್ಲ. ಎರಡನೇ ಮತ್ತು ನಾಲ್ಕನೇ ಹಂತದಲ್ಲಿ ಎರಡೆರಡು ಪಿಕಪ್ ಒಟ್ಟಿಗೆ ಕೆಲಸ ಮಾಡುತ್ತವೆ. ಈಚಿನ ಬಹಳಷ್ಟು ಗಿಟಾರುಗಳಲ್ಲಿ ನಡುವಿನ ಪಿಕಪ್ಪಿನ ಸುರುಳಿಯನ್ನು ಉಲ್ಟಾ ಜೋಡಿಸಿರುತ್ತಾರೆ, ಅಯಸ್ಕಾಂತವನ್ನೂ ಉಲ್ಟಾ ಇಟ್ಟಿರುತ್ತಾರೆ. ಗಾಳಿಯಲ್ಲಿ ಬಂದ ಗುಂಯ್‌ಗೆ ಉಲ್ಟಾ ಆಗೋದು ಸುರುಳಿ ಮಾತ್ರ. ಹಾಗಾಗಿ ಒಂದು ಪಿಕಪ್ ಮೇಲೆ ಎಳೆದರೆ ಇನ್ನೊಂದು ಕೆಳಗೆ ಎಳೆದು ಗುಂಯ್ ಸೊನ್ನೆ. ತಂತಿಯ ನಾದಕ್ಕೆ ಸುರುಳಿಯೂ ಉಲ್ಟಾ, ಅಯಸ್ಕಾಂತವೂ ಉಲ್ಟಾ. ಅಂಗಿಯನ್ನು ಎರಡು ಸಲ ಒಳಹೊರಗೆ ಮಾಡಿದರೆ ಮತ್ತೆ ನೆಟ್ಟಗೆ! ಹಾಗಾಗಿ ನಾದಕ್ಕೆ ನಾದ ಕೂಡುತ್ತೆ. ಹಳೆಯ ಗಿಟಾರುಗಳಲ್ಲಿ ಮೂರೂ ಒಂದೇ ಕಡೆ ಸುತ್ತಿರುತ್ತವೆ, ಅವುಗಳಿಗೆ ಈ ಉಪಾಯ ನಡೆಯಲ್ಲ. ನಿಮ್ಮದು ಯಾವ ಜಾತಿ ಅಂತ ತಿಳಿಯಲು ಸ್ವಿಚ್ಚು ತಿರುಗಿಸಿ ಕೇಳಿ, ಅಷ್ಟೇ.

ಎರಡು ಸುರುಳಿಯನ್ನು ಒಂದೇ ಡಬ್ಬಿಯಲ್ಲಿ ಇಟ್ಟರೆ? ಅದೇ ಹಂಬಕರ್! ಅಮೆರಿಕದ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ. 1957ರಿಂದ ಗಿಬ್ಸನ್ ಗಿಟಾರುಗಳ ಮೇಲೆ ಬಂತು. ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವರು ನಕ್ಕರು.

"ಅದರಾಗೇನು ಹೊಸಾದು? ನಮ್ಮೂರ ಹರಿಹರೇಶ್ವರ ಹೊಯ್ಸಳರ ಕಾಲದಿಂದ ಹಂಗೇ ನಿಂತಾನ. ಈ ಕಡೆ ಹರ, ಆ ಕಡೆ ಹರಿ, ಮೂರ್ತಿ ಒಂದೇ. ಜಗಳೆಲ್ಲ ಹೊರಗಿನೋರದ್ದು!"

ಹಾಗಾದರೆ ಎಲ್ಲರೂ ಹಂಬಕರ್ ಹಾಕಿಸಿಬಿಟ್ಟರೆ ಆಯಿತಲ್ಲ ಅಂತೀರಾ? ಹುಡುಗನೂ ಅದನ್ನೇ ಕೇಳಿದ. ಹಾಕಿಸಬಹುದು, ಆದರೆ ದನಿ ಬದಲಾಗುತ್ತೆ. ಅದು ತುಂಬಿದ ಗಟ್ಟಿ ದನಿ, ಈ ಕಣಕಣ ಅದರಲ್ಲಿ ಇಲ್ಲ. ಒಂದರ ಮೇಲೆ ಒಂದು ಸುರುಳಿ ಕೂರಿಸಿ, ನೋಡಲು ಸಿಂಗಲ್ ಕಾಯಿಲ್ಲಿನಂತೆಯೇ ಇರುವ ಪಿಕಪ್ಪುಗಳೂ ಈಗ ಸಿಗುತ್ತವೆ. ದನಿ ಬಹುತೇಕ ಹತ್ತಿರ ಬರುತ್ತೆ, ಬೆಲೆ ಮಾತ್ರ ಜೇಬಿಗೆ ದೂರ. ನಾಯ್ಸ್ ಗೇಟ್ ಎಂಬ ಪೆಟ್ಟಿಗೆಯೂ ಇದೆ. ನುಡಿಸೋದು ನಿಲ್ಲಿಸಿದಾಗ ಅದು ಬಾಗಿಲು ಹಾಕುತ್ತೆ. ನುಡಿಸುವಾಗ ಬಾಗಿಲು ತೆರೆದೇ ಇರುತ್ತೆ, ಗುಂಯ್ ಕೂಡ ಹಾಡಿನ ಜೊತೆ ಟಿಕೆಟ್ ಇಲ್ಲದೆ ಒಳಗೆ ಬರುತ್ತೆ.

ಸಂಜೆ ಆಯಿತು. ಪೆಂಡಾಲಿಗೆ ಹೋದೆವು. ಜನವೋ ಜನ! ಮೊದಲ ದಿನದ ಮೊದಲ ಆಟದ ಗಾಂಧಿ ಕ್ಲಾಸು ಎದ್ದು ಬಂದು ಕೂತ ಹಾಗಿತ್ತು. ಸೀರಿಯಲ್ ಲೈಟು, ಬಣ್ಣ ಬದಲಿಸುವ ಡಿಮ್ಮರ್ ದೀಪ, ಹಿಂದೆ ಧಡಧಡ ಜನರೇಟರು. ಗಿಟಾರು ಹಚ್ಚಿದ ತಕ್ಷಣ... ಗುಂಯ್! ಮನೆಯಲ್ಲಿ ಇದ್ದದ್ದಕ್ಕಿಂತ ಜೋರು.

ಪಕ್ಕದಲ್ಲಿದ್ದ ಅವರ ತಂಡದವನೊಬ್ಬ ತಿರುಗಿ ಕೂಗಿದ. "ಏ, ಟೈಮ್ ಆತು! ಆ ಪಿನ್ನು ಮತ್ತೆ ಯಾಕ ಹಾಕಿದ್ಯೋ? ಕಿತ್ತು ಒಗಿ!"

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ. "ಗುಂಯ್ ಅಂದರೂ ಅನ್ನಲಿ. ಪಿನ್ನು ಕೀಳಲ್ಲ. ಬೇಕಾದ್ರ ನಾ ಇವತ್ತು ಬರೀ ಹಾಡ್ತೀನಿ."

ಮಿತ್ರರೇ, ಎಷ್ಟೋ ನಾಯಕರ ಡೈಲಾಗಿಗೆ ಸಿಳ್ಳೆ ಹೊಡೆದಿದ್ದೇನೆ. ಈ ಡೈಲಾಗಿಗೆ ಹೊಡೆಯಬೇಕಾಗಿತ್ತು, ಗಂಟಲು ಕಟ್ಟಿ ಬಂತು.

ದೊಡ್ಡಪ್ಪ ಆಗಲೇ ವೇದಿಕೆಯ ಹಿಂದೆ ಹೋಗಿದ್ದರು. ಗಿಟಾರಿನ ಆಂಪ್ಲಿಫೈಯರು ಪೆಂಡಾಲಿನ ಬೋರ್ಡಿನಲ್ಲಿ, ಮಿಕ್ಸರು ಜನರೇಟರಿನ ಬೋರ್ಡಿನಲ್ಲಿ. ಅದೇ ಹಳೇ ಬಳೆ! ಜನರೇಟರಿಗೆ ಅರ್ಥಿಂಗ್ ಮಾಡಿದ್ದಾರೋ ಇಲ್ಲವೋ ಅಲ್ಲಿಯ ಎಲೆಕ್ಟ್ರಿಷಿಯನ್ ಜೊತೆ ನೋಡಿ, ಒಂದೇ ಬೋರ್ಡಿನಿಂದ ವಾದ್ಯ, ಮಿಕ್ಸರು ಎರಡಕ್ಕೂ ಲೈನು ಕೊಟ್ಟರು. ದೀಪಗಳ ಡಿಮ್ಮರಿಗೆ ಬೇರೆ ಲೈನು. ಹರಿದ ಕೇಬಲ್ಲಿನ ಬದಲು ಒಳ್ಳೆಯ ಕೇಬಲ್. ದೊಡ್ಡ ಗುಂಯ್ ಬಿದ್ದು ಹೋಯಿತು. ಎಲ್ಲಾದರೂ ಬೋರ್ಡು ಒಂದೇ ಮಾಡಲು ಆಗದಿದ್ದರೆ ಡಿ.ಐ. ಬಾಕ್ಸ್ ಅಂತ ಸಿಗುತ್ತೆ, ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರು ಇರುವಂಥದ್ದು ಕೇಳಿ ತಗೊಳ್ಳಿ. ಅದರ ಗ್ರೌಂಡ್ ಲಿಫ್ಟ್ ಸ್ವಿಚ್ಚು ಸಿಗ್ನಲ್ ಕೇಬಲ್ಲಿನ ಬಳೆಯನ್ನು ಮಾತ್ರ ಒಡೆಯುತ್ತೆ, ಕರೆಂಟಿನ ಅರ್ಥನ್ನು ಮುಟ್ಟಲ್ಲ. ಬಳೆ ಒಡೆಯಲು ಅದೇ ಸರಿಯಾದ ಜಾಗ.

ಆಮೇಲೆ ಹುಡುಗ ತಾನೇ ವೇದಿಕೆಯ ಮೇಲೆ ನಿಧಾನ ಸುತ್ತುತ್ತಾ ಗುಂಯ್ ಕಡಿಮೆಯಾಗುವ ದಿಕ್ಕು ಹುಡುಕಿದ. ಅಲ್ಲಿ ಸೀಮೆಸುಣ್ಣದಿಂದ ಎರಡು ಪಾದದ ಗುರುತು ಬರೆದ. ಸ್ವಿಚ್ಚು ಎರಡನೇ ಹಂತಕ್ಕೆ.

ಚೀಟಿ ಮೇಲೆ ಚೀಟಿ ಬಂತು. ಮೊದಲ ಕೋರಿಕೆಯೇ 1981ರ 'ಗೀತಾ' ಚಿತ್ರದ್ದು! ಶಂಕರ್‌ನಾಗ್ ನಿರ್ದೇಶನ, ಇಳಯರಾಜಾ ಸಂಗೀತ. ಇಳಯರಾಜಾ ಕೂಡ ಗಿಟಾರ್ ಹಿಡಿದೇ ಬಂದವರು, ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದವರು. ಹುಡುಗ ಮೈಕಿಗೆ ತುಟಿ ತಾಗಿಸಿ ಹಾಡಿದ. ಚುರುಕ್ ಅನ್ನಲಿಲ್ಲ. ನಾನು ಮಾತ್ರ ಹಾಡು ಮುಗಿಯುವ ತನಕ ಉಸಿರು ಬಿಗಿ ಹಿಡಿದಿದ್ದೆ. 1990ರ ಸೆಪ್ಟೆಂಬರ್ 30ರಂದು ಶಂಕ್ರಣ್ಣನನ್ನು ದಾವಣಗೆರೆ ಹತ್ತಿರದ ಆನಗೋಡಿನ ರಸ್ತೆಯಲ್ಲಿ ಕಳೆದುಕೊಂಡ ಸೀಮೆ ನಮ್ಮದು. ಅವರ ಹಾಡು ಹಾಡುತ್ತಾ ಇನ್ನೊಬ್ಬ ಹುಡುಗ ಬೀಳಬಾರದು.

ಹಾಡು ಹಾಡಿನ ನಡುವೆ ಕಿವಿಗೊಟ್ಟು ಕೇಳಿದರೆ ಸಣ್ಣ ಗುಂಯ್ ಇನ್ನೂ ಇತ್ತು. ಹುಡುಗ ಪ್ರತಿ ಸಲ ವಾಲ್ಯೂಮ್ ಸೊನ್ನೆ ಮಾಡುತ್ತಿದ್ದ. ನನ್ನ ಪಕ್ಕ ಕೂತವರಿಗೆ ಸಿಳ್ಳೆಯ ನಡುವೆ ಅದು ಕೇಳಿಸಲೇ ಇಲ್ಲ. ಸಿಂಗಲ್ ಕಾಯಿಲ್ ಗಿಟಾರಿಗೆ ಅಷ್ಟು ಗುಂಯ್ ಇರುತ್ತೆ, ಇರಲಿ ಬಿಡಿ. ಅದನ್ನು ಎಷ್ಟು ಸಾಧ್ಯವೋ ಅಷ್ಟು ಇಳಿಸಿ. ಉಳಿದದ್ದಕ್ಕೆ ಜೀವ ಬೆಲೆ ಕಟ್ಟಬೇಡಿ.

ಕೊನೆ ಬಸ್ಸಿಗೆ ಹತ್ತಿಸಲು ಬಂದ ಹುಡುಗ ಜೇಬಿನಿಂದ ಏನೋ ತೆಗೆದು ನನ್ನ ಅಂಗೈಯಲ್ಲಿ ಇಟ್ಟ. ಕೊಯ್ದು ತೆಗೆದಿದ್ದ ಆ ಹಿತ್ತಾಳೆ ಪಿನ್ನು! "ನಿಮ್ಮ ಹತ್ರನೇ ಇರಲಿ ಅಣ್ಣಾ," ಎಂದ. ಇದನ್ನು ಬರೆಯುವಾಗ ಅದು ನನ್ನ ಮೇಜಿನ ಮೇಲೇ ಇದೆ.

ನಿಮ್ಮೂರ ಆರ್ಕೆಸ್ಟ್ರಾದಲ್ಲಿ ಗಿಟಾರು ಹಿಡಿಯುವ ಗೆಳೆಯ ಇದ್ದರೆ ಈ ಪುಟ ಹರಿದು ಅವನಿಗೆ ಕೊಡಿ. ಸಂಪಾದಕರು ಬೈದರೆ ನಾನು ಸಮಾಧಾನ ಹೇಳುತ್ತೇನೆ. ಕೊಡುವ ಮೊದಲು ಅವನ ಪ್ಲಗ್ಗಿನಲ್ಲಿ ಎಷ್ಟು ಪಿನ್ನು ಇದೆ ಅಂತ ಎಣಿಸಿ. ಎರಡು ಅಂತ ಕಂಡರೆ ಹಾಡು ಆಮೇಲೆ, ಮೊದಲು ಮೂರು ಮಾಡಿಸಿ.

ಮುಂದಿನ ವಾರ ಖಂಡಿತ ನಟನಟಿಯರ ಸುದ್ದಿಯೊಂದಿಗೇ ಬರುತ್ತೇನೆ. ಅಲ್ಲಿಯ ತನಕ ನಮಸ್ಕಾರ!